ಅಂಚಿನ ಸಾಲಿನ ಸೊಪ್ಪು

ಬಾಗಿಲ ಹಿಂದೆ ಮಗು ನಿಂತಿದ್ದು ಜಯಕುಮಾರನಿಗೆ ಮೊದಲು ಕಾಣಲಿಲ್ಲ, ಕೇಳಿಸಿತು. ಉಸಿರನ್ನು ಗಂಟಲಲ್ಲೇ ಹಿಡಿದು, ಹಿಡಿದು, ಇನ್ನು ಆಗದು ಎನ್ನುವಾಗ ಒಮ್ಮೆಗೇ ಬಿಡುವ ಸದ್ದು. ಹಲ್ಲುಜ್ಜುತ್ತಿದ್ದವನು ಬಾಯಲ್ಲಿ ನೊರೆ ತುಂಬಿಕೊಂಡೇ ಒಳಗೆ ಬಂದು ನಡುಮನೆಯ ಬಾಗಿಲನ್ನು ಮೆಲ್ಲಗೆ ಸರಿಸಿದ. ಅಮೂಲ್ಯ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತಿದ್ದಳು. ಎರಡು ಕಾಲನ್ನೂ ಒಂದಕ್ಕೊಂದು ಹೆಣೆದುಕೊಂಡು, ಚಿಲಕಕ್ಕೆ ನೇತುಹಾಕಿದ್ದ ಅಮ್ಮನ ಹಳೇ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಮುಖ ಕೆಂಪಾಗಿತ್ತು, ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಮೂರು ತುಂಬುವುದಕ್ಕೆ ಇನ್ನೂ ನಾಲ್ಕು ತಿಂಗಳಿರುವ ಮಗುವಿನ ಮುಖದಲ್ಲಿ ಹೊರೆ ಹೊತ್ತು ಏರಿ ಹತ್ತುವ ಮುದುಕರ ಕಳೆ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಕಕ್ಕ ಆಗದೆ ಈ ಸೋಮವಾರಕ್ಕೆ ಎಂಟನೇ ದಿನ. ನೊರೆ ಉಗಿದು ಬಂದು ಅವನು ಮೊಣಕಾಲೂರಿ, ಬಂದೈತಾ ಕಂದ ಎಂದು ಕೇಳಿದ. ಅವಳು ಅವನನ್ನು ನೋಡದೆ ತಲೆಯಾಡಿಸಿದಳು. "ಬಂದಿಲ್ಲ" ಅಂದಳು. ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

ಎರಡು ತಿಂಗಳಿಂದ ಮನೆಯವರೆಲ್ಲ ಮಗು ತಿಣುಕುತ್ತಿದೆ ಎಂದೇ ತಿಳಿದಿದ್ದರು. ಅವನ ತಾಯಿ ಮುನಿಯಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಿಂಗೆ ಕಣವ್ವ, ಹಿಂಗೆ, ಎಂದು ತಾನೂ ತಿಣುಕಿ ತೋರಿಸುವಳು. ಬಾಳೆಹಣ್ಣು ತಿನ್ನಿಸಿದ್ದಾಯಿತು, ಬಿಸಿನೀರಿಗೆ ತುಪ್ಪ ಹಾಕಿ ಕುಡಿಸಿದ್ದಾಯಿತು, ದೃಷ್ಟಿ ನಿವಾಳಿಸಿ ಮೆಣಸಿನಕಾಯಿಯನ್ನು ಒಲೆಗೆ ಹಾಕಿದ್ದಾಯಿತು. ಆಗದಿದ್ದಾಗ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದಿನಿಂದ ತೂರಿಸಿದರು. ಅವತ್ತು ಮುನಿಯಮ್ಮ ತೊಟ್ಟು ಹಿಡಿದಿದ್ದಳು, ಹೆಂಡತಿ ಲತಾಮಣಿ ಕಾಲು ಹಿಡಿದಿದ್ದಳು, ಜಯಕುಮಾರ ತಲೆಯ ಕಡೆ ಕೂತು ಎರಡು ಕೈ ಹಿಡಿದಿದ್ದ. ಮಗು ಅಷ್ಟು ಹೊತ್ತೂ ಕತ್ತು ಹಿಂದಕ್ಕೆ ಚಾಚಿ, ತಲೆಕೆಳಗಾಗಿ, ಅವನ ಮುಖವನ್ನೇ ನೋಡುತ್ತಿತ್ತು. ಕೊನೆಗೆ ಕಲ್ಲಿನಂಥದ್ದು ಒಂದು ರಕ್ತ ಮೆತ್ತಿಕೊಂಡು ಹೊರಬಿದ್ದಾಗ ಮೂವರಿಗೂ ಯುದ್ಧ ಗೆದ್ದಷ್ಟು ಸಂತೋಷವಾಯಿತು. ಮುನಿಯಮ್ಮ ಗೋಡೆಗೆ ಒರಗಿ, ಅದೇ ಎಲೆಯ ಉಳಿದ ಭಾಗಕ್ಕೆ ಸುಣ್ಣ ಸವರಿ ಅಡಿಕೆ ಹಾಕಿಕೊಂಡಳು. ಅವತ್ತಿನಿಂದ ಅಜ್ಜಿ ಎಲೆಯಡಿಕೆ ಚೀಲ ಬಿಚ್ಚಿದರೆ ಸಾಕು, ಮಗು ಬಾಗಿಲ ಹಿಂದೆ ಓಡುತ್ತಿತ್ತು. ಕಕ್ಕಸಿನ ಕಡೆಗೆ ಎತ್ತಿಕೊಂಡು ಹೋದರೆ ಬಾಗಿಲ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಚೀರುತ್ತಿತ್ತು.

ಹೋದ ಗುರುವಾರ ರಾಮನಗರಕ್ಕೆ ಮಗುವನ್ನು ತೋರಿಸಲು ಹೋದವನು ಅವನೊಬ್ಬನೇ. ಹೊಸ ರೇಷ್ಮೆಹುಳ ಬರುವ ವಾರ, ಹುಳದ ಮನೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆಯಬೇಕು, ಒಂದು ಮಗುವಿನ ಹೇಲಿಗೆ ಇಬ್ಬರು ಕೆಲಸ ಬಿಟ್ಟು ಹೋಗ್ತೀರಾ ಎಂದು ಮುನಿಯಮ್ಮ ಗದರಿದ್ದಳು. ಲತಾಮಣಿ ತನ್ನ ವೇಲಿನಿಂದ ಮಗುವನ್ನು ಅವನ ಸೊಂಟಕ್ಕೆ ಕಟ್ಟಿ ಬೈಕಿನ ಮುಂದೆ ಕೂರಿಸಿದಳು. ಆಸ್ಪತ್ರೆಯ ಬೆಂಚಿನ ತುಂಬ ಹೆಂಗಸರು. ಗಂಡಸೆಂದರೆ ಇವನೊಬ್ಬ. ಪೇಟೆಗೆ ಹೋಗುವಾಗ ಹಾಕುವ ಒಂದೇ ಒಂದು ಬಿಳಿ ಶರಟು ಹಾಕಿಕೊಂಡು ಹೋಗಿದ್ದ. ಕಾದು ಕಾದು ಮಗು ಇದ್ದಕ್ಕಿದ್ದಂತೆ ಅವನ ತೊಡೆಯ ಮೇಲೆ ಸೆಟೆದುಕೊಂಡಿತು, ಕತ್ತು ಅಪ್ಪಿ ಹಿಡಿಯಿತು, ಸ್ವಲ್ಪ ಹೊತ್ತಿಗೆ ಶರಟಿನ ಹೊಟ್ಟೆಯ ಭಾಗದಲ್ಲಿ ಏನೋ ಬೆಚ್ಚಗಾಯಿತು. ಗಟ್ಟಿಯಾದದ್ದು ಒಳಗೇ ಕೂತು, ನೀರಾದದ್ದು ಅದರ ಸಂದಿಯಲ್ಲಿ ಸೋರಿತ್ತು. ಎದುರಿನ ಹುಡುಗಿ ಮೂಗಿಗೆ ಕರ್ಚೀಫು ಇಟ್ಟುಕೊಂಡಳು. ಪಕ್ಕದಲ್ಲಿದ್ದವಳು ಜಾಗ ಬಿಟ್ಟು ಸರಿದಳು. ಅವನು ಏಳಲೂ ಆಗದೆ ಕೂರಲೂ ಆಗದೆ, ಭೇದಿಯಾಗಿದೆ ಎಂದು ಯಾರೂ ಕೇಳದಿದ್ದರೂ ಹೇಳಿದ. ಆ ಸಾಲಿನ ಕೊನೆಗಿದ್ದ ವಯಸ್ಸಾದ ಮುಸ್ಲಿಂ ಹೆಂಗಸು ಮಾತ್ರ ಎದ್ದು ಬಂದು ಒಂದು ಒದ್ದೆ ಬಟ್ಟೆ ಕೊಟ್ಟಳು. ಹೆಸರು ಸಾಬಿರಾ, ನೂಲು ತೆಗೆಯುವ ಮನೆಯವಳು. ಬಿಸಿನೀರಿನಲ್ಲಿ ರೇಷ್ಮೆಗೂಡು ಕಲಸಿ ಕಲಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ತನ್ನ ಮೊಮ್ಮಗ ಫರ್ಹಾನನಿಗೂ ಹೀಗೇ ಆಗಿತ್ತು, ಒಂದು ವರ್ಷ ಒದ್ದಾಡಿದ ಎಂದಳು. "ಬೈಬ್ಯಾಡಿ ಅಣ್ಣ. ಮಗು ಬೇಕಂತ ಮಾಡಲ್ಲ ಇದು" ಎಂದಳು. ಅವನು ಬೈದಿರಲಿಲ್ಲ. ಆದರೂ ಅವಳು ಅವನ ಕೈಯನ್ನೇ ನೋಡಿ ಹೇಳಿದ ಹಾಗಿತ್ತು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. ಎಡಗಡೆ ಕೆಳಗೆ ಅವನ ಬೆರಳನ್ನೂ ಇಟ್ಟು ತೋರಿಸಿದರು. ಚರ್ಮದ ಕೆಳಗೆ ಗಟ್ಟಿ ಗಟ್ಟಿ ಉಂಡೆ. ಬಾಗಿಲ ಹಿಂದೆ ನಿಂತು ತಿಣುಕುತ್ತಾಳೆ ಮೇಡಂ, ಏನು ಮಾಡಿದರೂ ಬರುವುದಿಲ್ಲ ಎಂದ. ಹೇಗೆ ನಿಲ್ಲುತ್ತಾಳೆ, ತೋರಿಸಿ ಎಂದರು. ಮೂವತ್ತನಾಲ್ಕು ವರ್ಷದ ಗಂಡಸು ಡಾಕ್ಟರ ಮುಂದೆ ಎದ್ದು, ತುದಿಗಾಲಲ್ಲಿ ನಿಂತು, ತೊಡೆ ಹೆಣೆದು ತೋರಿಸಿದ. ಡಾಕ್ಟರಮ್ಮ ನಗಲಿಲ್ಲ. "ಅವಳು ತಿಣುಕ್ತಾ ಇಲ್ಲ. ತಡ್ಕೊತಾ ಇದಾಳೆ" ಎಂದರು. ಒಮ್ಮೆ ನೋವಾದರೆ ಮಗು ಹೆದರಿ ತಡೆಯುತ್ತದೆ, ತಡೆದಷ್ಟೂ ಒಳಗೆ ಕಲ್ಲಾಗುತ್ತದೆ, ಕಲ್ಲಾದಷ್ಟೂ ನೋವು ಹೆಚ್ಚು. ಔಷಧಿಯಿಂದ ಮೆತ್ತಗೆ ಮಾಡಬಹುದು, ತಿಂಗಳುಗಟ್ಟಲೆ ಬಿಡದೆ ಕೊಡಬೇಕು. ಹಾಲು ಕಡಿಮೆ, ನೀರು ಹೆಚ್ಚು, ಪರಂಗಿ, ಸೊಪ್ಪು. ಊಟವಾದ ಮೇಲೆ ಐದು ನಿಮಿಷ ಕಾಲಡಿಗೆ ಮಣೆ ಕೊಟ್ಟು ಕೂರಿಸಬೇಕು. ತೊಟ್ಟು, ಸೋಪಿನ ಚೂರು ಯಾವುದೂ ಕೂಡದು. ಸೋಮವಾರದೊಳಗೆ ಆಗದಿದ್ದರೆ ಕರೆದುಕೊಂಡು ಬನ್ನಿ, ಅಡ್ಮಿಟ್ ಮಾಡಿ ಕೆಳಗಿನಿಂದ ತೆಗೆಯಬೇಕಾಗುತ್ತದೆ, ಆದರೆ ಅದರಿಂದ ಅವಳ ಹೆದರಿಕೆ ಇನ್ನೂ ಹೆಚ್ಚಬಹುದು ಎಂದರು. ಇಷ್ಟೆಲ್ಲ ಬರೆದ ಮೇಲೆ ಪೆನ್ನು ಕೆಳಗಿಟ್ಟು, ಇದು ಶುರುವಾಗುವ ಮುಂಚೆ ಏನಾದರೂ ಆಯಿತಾ, ಯಾರಾದರೂ ಹೊಡೆದರಾ, ಹೆದರಿಸಿದರಾ ಎಂದು ಕೇಳಿದರು. ಏನೂ ಇಲ್ಲ ಮೇಡಂ ಎಂದ. ಆಗ ಅವನ ತೊಡೆಯ ಮೇಲಿದ್ದ ಮಗು ಸ್ಪಷ್ಟವಾಗಿ, "ಹುಳ ಸತ್ತೋದೊ" ಎಂದಿತು. ಯಾವ ಹುಳ ಪುಟ್ಟಿ ಎಂದು ಡಾಕ್ಟರಮ್ಮ ಮುಂದೆ ಬಾಗಿದರು. ಜಯಕುಮಾರ ಮಗುವಿನ ತಲೆ ಸವರುತ್ತ ಅವಸರವಾಗಿ ಹೇಳಿದ: "ನಮ್ದು ರೇಷ್ಮೆ ಮನೆ ಮೇಡಂ. ಏನೇನೋ ಹೇಳ್ತದೆ ಮಗು."

ಎರಡು ತಿಂಗಳ ಹಿಂದೆ ಆ ದಿನವೂ ಅದೇ ಬಿಳಿ ಶರಟು. ಕೆಂಗಲ್ಲಿನಲ್ಲಿ ಚಿಕ್ಕಪ್ಪನ ಮಗನ ಮದುವೆ, ಇಸ್ತ್ರಿ ಮಾಡಿದ ಶರಟು, ಬಿಳಿ ಪ್ಯಾಂಟು, ಕೈಗೆ ವಾಚು. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಮೂರು ದಿನವಾಗಿತ್ತು. ಎಷ್ಟು ಹಾಕಿದರೂ ಸಾಲದು ಎಂದು ತಿನ್ನುವ ಕಾಲ. ಎಲೆಯ ಮೇಲೆ ಮಳೆ ಬಿದ್ದ ಹಾಗೆ ಸದ್ದು ಬರುತ್ತಿತ್ತು ಹುಳದ ಮನೆಯಿಂದ. ಮಧ್ಯಾಹ್ನಕ್ಕೆ ಸೊಪ್ಪು ಸಾಲದು ಕಣ್ಲಾ ಕುಮಾರ, ಎರಡು ಹೊರೆ ಕುಯ್ದು ಹಾಕಿ ಹೋಗು ಎಂದಳು ತಾಯಿ. ಹಿಪ್ಪುನೇರಳೆ ತೋಟದ ಒಳಸಾಲುಗಳಿಗೆ ರಾತ್ರಿಯೆಲ್ಲ ಡ್ರಿಪ್ಪು ಬಿಟ್ಟಿದ್ದ, ಕಣಕಾಲುದ್ದ ಕೆಸರು. ಅಂಚಿನ ಸಾಲು ಮಾತ್ರ ಒಣಗಿ ನಿಂತಿತ್ತು. ಹಿಂದಿನ ಸಂಜೆಯೇ ಪಕ್ಕದ ತೋಟದ ಕೃಷ್ಣಪ್ಪ ಫೋನು ಮಾಡಿದ್ದ. "ಟೊಮೇಟೊಗೆ ಔಷಧಿ ಹೊಡ್ದಿವ್ನಿ ಕಣ್ಲಾ. ಗಾಳಿ ನಿನ್ ಕಡೀಕಿತ್ತು. ಬದೀ ಸಾಲು ಎಂಟ್ ದಿನ ಮುಟ್ಬ್ಯಾಡ" ಎಂದಿದ್ದ. ಹೂಂ ಎಂದಿದ್ದ ಇವನು. ಬೆಳಿಗ್ಗೆ ಬದುವಿನ ಮೇಲೆ ನಿಂತು ಕೆಸರನ್ನೊಮ್ಮೆ, ಪ್ಯಾಂಟನ್ನೊಮ್ಮೆ ನೋಡಿದ. ಏನೂ ಆಗಲ್ಲ, ರಾತ್ರಿ ಇಬ್ಬನಿ ಬಿದ್ದಿದೆ, ತೊಳೆದುಹೋಗಿರುತ್ತದೆ ಎಂದುಕೊಂಡ. ಪ್ಯಾಂಟು ಮಡಿಸುವಷ್ಟು ವ್ಯವಧಾನವಿರಲಿಲ್ಲ, ಅಷ್ಟೇ. ಇದನ್ನು ಯಾರಿಗಾದರೂ ಹೇಳುವುದು ಹೇಗೆ? ಕುಡಿದಿದ್ದೆ ಎಂದರೆ ಅರ್ಥವಿದೆ, ದುಡ್ಡಿನಾಸೆಗೆ ಮಾಡಿದೆ ಎಂದರೂ ಅರ್ಥವಿದೆ. ಪ್ಯಾಂಟು ಕೊಳೆಯಾದೀತು ಎಂದು ಒಂದು ಬೆಳೆ ಕೊಂದೆ ಎಂದು ಯಾವ ಬಾಯಲ್ಲಿ ಹೇಳುವುದು?

ಆ ಸೊಪ್ಪಿನ ರಾಶಿಯ ಮೇಲೆಯೇ ಮಗು ಕೂತಿತ್ತು. ಒದ್ದೆ ಗೋಣಿ ಮುಚ್ಚುವ ಮೊದಲು, ಹಸಿರು ಮೆತ್ತಗೆ ಕಂಡಿರಬೇಕು, ಚಡ್ಡಿ ಕಳಚಿ, ಕುಕ್ಕರಗಾಲಲ್ಲಿ, ಖುಷಿಯಾಗಿ ಹಾಡಿಕೊಂಡು. ಮುನಿಯಮ್ಮ ಕೂಗಿಕೊಂಡಳು. ಹುಳದ ಮನೆಗೆ ಮುಟ್ಟಾದವರು ಬರಬಾರದು, ಒಗ್ಗರಣೆಯ ಹೊಗೆ ಬರಬಾರದು, ಹೊರಗಿನವರು ಕಾಲು ತೊಳೆಯದೆ ಬರಬಾರದು ಎಂದು ನಲವತ್ತು ವರ್ಷ ಕಾದವಳು ಅವಳು. ಜಯಕುಮಾರ ಓಡಿಬಂದು ಮಗುವಿನ ರಟ್ಟೆ ಹಿಡಿದೆತ್ತಿದ. ಆಗ ಅವನ ಶರಟಿನ ತೋಳಿಗೆ ಒಂದಿಷ್ಟು ತಾಗಿತು. ತೊಡೆಗೆ ಬಾರಿಸಿದ. ಎರಡು ಏಟು. "ತಡ್ಕಳಕ್ಕಾಗಲ್ವಾ ನಿಂಗೆ? ತಡ್ಕಬೇಕು" ಎಂದಿದ್ದ. ಮಗು ಅಳುವುದನ್ನೂ ಮರೆತು ಅವನನ್ನು ನೋಡಿತ್ತು. ಮೈಲಿಗೆಯಾದ ಸೊಪ್ಪು ತೆಗೆದೆಸೆದು ಉಳಿದದ್ದನ್ನು ಹುಳಕ್ಕೆ ಹಾಕಿದರು. ಅವನು ತೋಳು ತೊಳೆದುಕೊಂಡು ಮದುವೆಗೆ ಹೋಗಿ, ಎರಡನೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದು ಬಂದ.

ನಾಲ್ಕು ಗಂಟೆಗೆ ಬಂದಾಗ ಹುಳದ ಮನೆಯಲ್ಲಿ ಸದ್ದೇ ಇರಲಿಲ್ಲ. ಹುಳಗಳು ತಲೆ ಎತ್ತಿ ಅತ್ತಿತ್ತ ಹೊರಳಾಡುತ್ತಿದ್ದವು, ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಔಷಧಿಯ ಸೊಪ್ಪು ತಿಂದ ಹುಳ ಹೇಗೆ ಸಾಯುತ್ತದೆ ಎಂದು ಹುಳ ಮೇಯಿಸಿದವರಿಗೆ ಕಲಿಸಿಕೊಡಬೇಕಾಗಿಲ್ಲ. ಅವನಿಗೆ ಬಾಗಿಲಲ್ಲೇ ಗೊತ್ತಾಯಿತು. ಮುನಿಯಮ್ಮನ ಕಣ್ಣಿಗೆ ಪೊರೆ ಬಂದು ಹಸಿರು ಯಾವುದು ಹಳದಿ ಯಾವುದು ತಿಳಿಯದು. ಲತಾಮಣಿ ಮರಳವಾಡಿಯ ಕಡೆಯವಳು, ರಾಗಿ ತೆಂಗಿನ ಮನೆಯಿಂದ ಬಂದವಳು, ಹುಳಕ್ಕೆ ಔಷಧಿ ತಗಲಿದ್ದನ್ನು ಹಿಂದೆಂದೂ ಕಂಡವಳಲ್ಲ. ಮೈಲಿಗೆ ಆಯ್ತು ಕಣ್ಲಾ, ಹೇಲು ಮುಟ್ಟಿದ ಸೊಪ್ಪು ತಡೀತದಾ ಹುಳ, ಎಂದು ಮುನಿಯಮ್ಮ ನೆಲಕ್ಕೆ ಕೂತಳು. ಎಲ್ಲರೂ ಅವನ ಬಾಯನ್ನು ನೋಡಿದರು. ಅವನು ಬಾಯಿ ತೆರೆದ. "ಇರ್ಬೋದು" ಎಂದ. ಅಷ್ಟೇ ಹೇಳಿದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತೇ ಬರೆಗೋಲನ್ನು ಕಾಯಿಸಿ ಕೊಟ್ಟಿತು. ಮಾರನೇ ದಿನ ರೇಷ್ಮೆ ಇಲಾಖೆಯವರು ಬಂದು ನೋಡುವ ಮೊದಲೇ ಅವನು ಗುಂಡಿ ತೋಡಿ ಬುಟ್ಟಿ ಬುಟ್ಟಿ ಹುಳ ಸುರಿದ. ಮಗು ಗುಂಡಿಯ ಅಂಚಿಗೆ ಬಂದು ನಿಂತಿತ್ತು. ಮುನಿಯಮ್ಮ ಕೆಟ್ಟವಳಲ್ಲ, ಆದರೆ ಹೊಟ್ಟೆ ಉರಿದಿತ್ತು: ನೋಡು, ನೀನು ಹೇತು ಎಷ್ಟು ಹುಳ ಸಾಯಿಸಿದೆ ನೋಡು, ಎಂದುಬಿಟ್ಟಳು. ಮಗು ಅಜ್ಜಿಯನ್ನು ಕೇಳಲಿಲ್ಲ, ಅವನನ್ನು ಕೇಳಿತು, ನಾನು ಕಕ್ಕ ಮಾಡಿ ಹುಳ ಸತ್ತೋಯ್ತಾ ಅಪ್ಪ ಎಂದು. ಅವನು ಗುದ್ದಲಿಯಲ್ಲಿ ಮಣ್ಣೆಳೆದ. ಅವತ್ತಿನಿಂದ ಮಗು ತಡೆದುಕೊಂಡೇ ಇದೆ. ಅಪ್ಪ ಹೇಳಿದ ಮಾತನ್ನು ಇಷ್ಟು ಅಕ್ಷರಶಃ ಪಾಲಿಸುವ ಮಕ್ಕಳು ಎಲ್ಲಿ ಸಿಗುತ್ತಾರೆ?

ಅದೇ ಸೋಮವಾರ ಮಧ್ಯಾಹ್ನ ಹೆಂಗಸರಿಬ್ಬರೂ ಹುಳದ ಮನೆಯ ಸ್ಟ್ಯಾಂಡುಗಳನ್ನು ಒರೆಸುತ್ತಿದ್ದರು. ಸಂಜೆಗೆ, ಮೊಟ್ಟೆಯೊಡೆಸಿ ಸಾಕಿ ಕೊಡುವ ಚಾಕಿ ಕೇಂದ್ರದ ವ್ಯಾನು ಎರಡನೇ ಜ್ವರ ಎದ್ದ ಮರಿಹುಳ ತರುವುದಿತ್ತು. ಮಗು ಕಾಲಿಗೆ ಅಡ್ಡ ಬರುತ್ತದೆ, ತೋಟಕ್ಕೆ ಕರ್ಕೊಂಡ್ ಹೋಗಿ ಎಂದು ಲತಾಮಣಿ ಹೇಳಿದಳು. ನಾಳೆ ಬೆಳಿಗ್ಗೆ ಅಡ್ಮಿಟ್ ಮಾಡಲು ಬಟ್ಟೆ ಜೋಡಿಸಿಟ್ಟಿದ್ದೀನಿ ಎಂದೂ ಹೇಳಿದಳು. ಬೇಡ ಅನ್ನಿಸಿಕೊಳ್ಳುವ ಆಸೆ ಅವಳ ದನಿಯಲ್ಲಿತ್ತು. ಅವನು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಡುಗೋಲು, ನೀರಿನ ಬಾಟಲಿ ಹಿಡಿದು ಹೊರಟ. ಬದುವಿನಲ್ಲಿ ಕೃಷ್ಣಪ್ಪ ಸಿಕ್ಕ. ಟೊಮೇಟೊ ಕಿತ್ತು ಹುರುಳಿಕಾಯಿ ಹಾಕಿದ್ದ. ಹೊಸ ಹುಳ ಬತ್ತದಂತೆ ಎಂದು ವಿಚಾರಿಸಿ, ಮಗುವಿನ ಕೆನ್ನೆ ಮುಟ್ಟಿ, ಆಮೇಲೆ ದನಿ ತಗ್ಗಿಸಿದ. "ಅವತ್ತು ಫೋನ್ ಮಾಡಿದ್ನಲ್ಲ, ನಾನಂತೂ ಯಾರ್ಗೂ ಅಂದಿಲ್ಲ ಕಣ್ಲಾ. ನೀನೂ ಅನ್ನಾಕ್ ಹೋಗ್ಬ್ಯಾಡ. ಔಷಧಿ ಹೊಡ್ದೋನು ನಾನು ಅಂತ ನನ್ ತಲೇಗ್ ಬತ್ತದೆ, ಸುಮ್ನೆ ನಮ್ ನಮ್ಮಲ್ಲಿ ಯಾಕೆ" ಎಂದ. ಯಾವ ಫೋನು ಕೃಷ್ಣಪ್ಪಣ್ಣ ಎಂದು ಜಯಕುಮಾರ ಕೇಳಿದ. ಕೇಳುವಾಗಲೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಕೈ ಹೆಗಲ ಮೇಲಿದ್ದ ಮಗುವಿನ ಪಾದಕ್ಕೆ ಹೋಯಿತು. ಕೃಷ್ಣಪ್ಪ ಒಂದು ಕ್ಷಣ ಅವನನ್ನು ನೋಡಿ, ಅದೇ ಅದೇ, ಹಂಗಿರ್ಬೇಕು ಎಂದು ನಕ್ಕು ಹೋದ. ಆ ನಗುವಿನಲ್ಲಿ ಒಂದೇ ಸಾಲಿಗೆ ಸೇರಿದವರ ಸಲುಗೆ ಇತ್ತು. ಜಯಕುಮಾರನಿಗೆ ತನ್ನ ಮೇಲೇ ಉಗಿಯಬೇಕೆನ್ನಿಸಿತು.

ಈ ಸಲ ಅವನು ಒಳಸಾಲಿಗೇ ಇಳಿದು ಸೊಪ್ಪು ಕುಯ್ದ. ಅರ್ಧ ಹೊರೆಯಾಗುವಷ್ಟರಲ್ಲಿ ಆ ಉಸಿರಿನ ಸದ್ದು ಕೇಳಿಸಿತು. ಮಗು ಗಿಡಗಳ ಮರೆಯಲ್ಲಿ ತುದಿಗಾಲಲ್ಲಿ ನಿಂತು, ಒಂದು ಕಡ್ಡಿಯನ್ನು ಎರಡು ಕೈಯಲ್ಲೂ ಹಿಡಿದಿತ್ತು. ನಾಲ್ಕು ದಿನದ ಔಷಧಿ ಒಳಗೆ ಕೆಲಸ ಮಾಡಿತ್ತು. ಬಂದದ್ದನ್ನು ಆ ಪುಟ್ಟ ಮೈ ಇಡಿಯಾಗಿ ನಡುಗುತ್ತ ಹಿಂದಕ್ಕೆ ದೂಡುತ್ತಿತ್ತು. ಅವನು ಕುಡುಗೋಲು ಎಸೆದು ಕೆಸರಿನಲ್ಲೇ ಮೊಣಕಾಲೂರಿದ. ಏನು ಹೇಳಬೇಕು ಎಂದು ಯೋಚಿಸಿರಲಿಲ್ಲ. ಅಮ್ಮು, ಹುಳ ಸಾಯ್ಸಿದ್ದು ನೀನಲ್ಲ ಎಂದ. ಮಗು ನಡುಗುತ್ತಲೇ ಅವನ ಕಡೆ ತಿರುಗಿತು.

"ಯಾರು?"

"ನಾನು. ಅಪ್ಪ. ವಿಷದ ಸೊಪ್ಪು ತಂದ್ಬುಟ್ಟೆ."

ಮಗು ಕಡ್ಡಿಯಿಂದ ಒಂದು ಕೈ ಬಿಟ್ಟಿತು. ಕಕ್ಕ ಮಾಡಿದರೆ ಹುಳ ಸಾಯುವುದಿಲ್ಲವೇ ಎಂದು ಕೇಳಿತು. ಸಾಯುವುದಿಲ್ಲ ಎಂದ. ಅಜ್ಜಿ ಅಪ್ಪನಿಗೆ ಹೊಡೆಯುತ್ತಾಳಾ ಎಂದು ಕೇಳಿತು. ಹೊಡೀತಾಳೆ, ಹೊಡೀಲಿ ಎಂದ. ಆಗ ಹಿಮ್ಮಡಿ ನೆಲಕ್ಕೆ ತಾಗಿತು. ಅವನು ಎರಡು ಕಲ್ಲು ಎಳೆದು ಕಾಲಡಿಗೆ ಕೊಟ್ಟು, ಚಡ್ಡಿ ಇಳಿಸಿ, ಎದುರಿಗೆ ತಾನೂ ಕುಕ್ಕರಗಾಲಲ್ಲಿ ಕೂತ. ಮಗು ಅವನ ಕತ್ತನ್ನು ಅಪ್ಪಿ ಹಿಡಿಯಿತು. ನೋವಿಗೆ ಚೀರಿತು, ಅವನ ಹೆಗಲನ್ನು ಕಚ್ಚಿತು. ಅವನು ಹೆಗಲನ್ನು ಇನ್ನೂ ಹತ್ತಿರ ಒಡ್ಡಿ, ಹೊಡೀಲಿ, ಕಚ್ಚಲಿ, ಇನ್ನೂ ಕಚ್ಚಲಿ ಎಂದುಕೊಂಡ. ಮೊದಲು ಗಟ್ಟಿಯಾದ ಒಂದು ಬಿರಡೆ, ಸ್ವಲ್ಪ ರಕ್ತ, ಆಮೇಲೆ ಎಂಟು ದಿನದ್ದೆಲ್ಲ ಮೆತ್ತಗೆ, ಸರಾಗವಾಗಿ, ನಿಲ್ಲದೆ. ನಾತಕ್ಕೆ ಕಣ್ಣು ಉರಿದು ನೀರು ಬಂತು. ನಾತಕ್ಕಲ್ಲ, ಅವನು ಅಳುತ್ತಿದ್ದ. ಮಗು ಅವನ ಕತ್ತು ಬಿಟ್ಟು, ಬಗ್ಗಿ, ಕಾಲ ಸಂದಿಯಿಂದ ಹಿಂದಕ್ಕೆ ನೋಡಿ, ಇಷ್ಟು ದೊಡ್ಡದು ಎಂದು ಬೆರಗಾಯಿತು. ಇಬ್ಬರೂ ನಕ್ಕರು. ಬಾಟಲಿಯ ನೀರಿನಲ್ಲಿ ತೊಳೆದ, ಹಿಪ್ಪುನೇರಳೆ ಗಿಡದ ಬುಡದಲ್ಲಿ ಮಣ್ಣೆಳೆದು ಮುಚ್ಚಿದ. ಮಗು ಹಗುರವಾಗಿತ್ತು; ಎತ್ತಿಕೊಂಡಾಗ ನಿಜವಾಗಿ ಹಗುರವಾಗಿತ್ತು. ಮನೆ ಕಾಣುವ ತಿರುವಿಗೆ ಬಂದಾಗ ಅವನ ಹೆಜ್ಜೆ ನಿಧಾನವಾಯಿತು. ಅಮ್ಮು, ವಿಷದ ಸೊಪ್ಪಿನ ಸುದ್ದಿ ಯಾರಿಗೂ ಹೇಳಬೇಡ, ನಮ್ಮಿಬ್ಬರ ಗುಟ್ಟು ಎಂದ. ಮಗು ತಲೆಯಾಡಿಸಿತು. ತಾನೇ ಹೇಳಬೇಕು, ಸರಿಯಾದ ಹೊತ್ತು ನೋಡಿ ಹೇಳಬೇಕು, ಅದಕ್ಕೇ, ಎಂದು ತನಗೆ ತಾನು ಹೇಳಿಕೊಂಡ.

ಸುದ್ದಿ ಕೇಳಿ ಲತಾಮಣಿ ಬ್ಲೀಚಿಂಗ್ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಮುನಿಯಮ್ಮ ಕೆಂಗಲ್ ಹನುಮಂತರಾಯನಿಗೆ ಕೈಮುಗಿದು, ಬೆಲ್ಲದ ಉಂಡೆ ತಂದು ಮೊಮ್ಮಗಳ ಬಾಯಿಗಿಟ್ಟಳು. ಹಬ್ಬದ ಮನೆಯ ಹಾಗಿತ್ತು. ಐದು ಗಂಟೆಗೆ ವ್ಯಾನು ಬಂತು. ಇಷ್ಟಿಷ್ಟೇ ಇದ್ದ ಮರಿಹುಳಗಳನ್ನು ಹಾಸಿದ ಪೇಪರಿನ ಮೇಲೆ ಹರಡಿ, ಹೆಂಗಸರು ಎಳೆ ಸೊಪ್ಪು ಉದುರಿಸತೊಡಗಿದರು. ಹೊಸ ಹುಳ ನೋಡಲೆಂದು ಕೃಷ್ಣಪ್ಪನೂ ಬಂದು ಕಾಲು ತೊಳೆದು ಬಾಗಿಲಲ್ಲಿ ನಿಂತ. ಮಗು ಅವನನ್ನು ದಾಟಿ ಒಳಗೆ ಬಂದು ಸ್ಟ್ಯಾಂಡಿನ ಅಂಚು ಹಿಡಿದು ಇಣುಕಿತು. ಮುನಿಯಮ್ಮನಿಗೆ ಅವತ್ತು ಮೊಮ್ಮಗಳ ಮೇಲೆ ಎಲ್ಲಿಲ್ಲದ ಮುದ್ದು. ಮುದ್ದಿಗೇ ಅಂದಳು: "ಇವನ್ನೂ ಹೇತು ಸಾಯಿಸ್ಬುಟ್ಟೀಯ ಕಳ್ಳಿ, ಹೋದ ಸಲದಂಗೆ."

"ನಾನಲ್ಲ" ಎಂದಿತು ಮಗು. "ಅಪ್ಪ ವಿಷದ ಸೊಪ್ಪು ತಂದ್ಬುಟ್ಟ."

ಇಷ್ಟು ಉದ್ದದ ಮಾತನ್ನು ಅದು ಒಂದೇ ಉಸಿರಿಗೆ, ಒಂದೂ ತೊದಲದೆ ಹೇಳಿದ್ದು ಅದೇ ಮೊದಲು. ಸೊಪ್ಪು ಉದುರಿಸುತ್ತಿದ್ದ ಕೈಗಳು ನಿಂತವು. ಕೃಷ್ಣಪ್ಪ ತನ್ನ ಒದ್ದೆ ಪಾದ ನೋಡಿಕೊಂಡ. ಈಗ ಹೇಳಬೇಕು ಎಂದು ಜಯಕುಮಾರನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹೌದು ಎಂದರೆ ಸಾಕು, ಎರಡೇ ಅಕ್ಷರ. ತಾಯಿ ಪೊರೆಗಣ್ಣನ್ನು ಕಿರಿದು ಮಾಡಿ ಅವನ ಕಡೆ ತಿರುಗಿದಳು, ಪಕ್ಕದವನ ಮುಂದೆ. ಅವನ ಮೈಯೆಲ್ಲ ಬಿಗಿಯಿತು. ಉಸಿರು ಗಂಟಲಲ್ಲಿ ನಿಂತಿತು. ಆಮೇಲೆ ಅವನು ನಕ್ಕ. "ಏನೇನೋ ಹೇಳ್ತದೆ ಮಗು" ಎಂದ. ಕೃಷ್ಣಪ್ಪ ಅದಕ್ಕೇ ಕಾದಿದ್ದವನ ಹಾಗೆ ಜೋರಾಗಿ ನಕ್ಕ. ಅಪ್ಪನ ಮ್ಯಾಲೇ ಹಾಕ್ತೀಯೇನೇ ಎಂದು ಮುನಿಯಮ್ಮನೂ ನಕ್ಕು ಮಗುವಿನ ಕೆನ್ನೆ ಹಿಂಡಿದಳು. ಲತಾಮಣಿ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಮೂಗಿನ ಹತ್ತಿರ ತಂದು ಮೂಸಿ, "ಇವತ್ತಿನ ಸೊಪ್ಪು ಯಾವ ಸಾಲಿಂದು?" ಎಂದು ಕೇಳಿದಳು. ಒಳಗಿಂದು ಎಂದ. ಅವಳು ಅವನ ಕೆಸರಾದ ಮೊಣಕಾಲುಗಳನ್ನು ನೋಡಿ, ಮತ್ತೆ ಉದುರಿಸತೊಡಗಿದಳು. ಮಗು ನಗುವ ಮುಖಗಳನ್ನು ಒಂದೊಂದಾಗಿ ನೋಡಿತು. ಕೊನೆಗೆ ಅವನ ಮುಖ ನೋಡಿತು. ಅಳಲಿಲ್ಲ. ಎಲ್ಲರೂ ನಗುತ್ತಿದ್ದರೆಂದು ತಾನೂ ಸ್ವಲ್ಪ ನಕ್ಕು, ಸ್ಟ್ಯಾಂಡಿನಿಂದ ಕೈ ತೆಗೆದು ಹೊರಗೆ ಹೋಯಿತು.

ಮರುದಿನ ಬೆಳಿಗ್ಗೆ ಅಂಬಲಿ ಕುಡಿಸಿದ ಮೇಲೆ ಡಾಕ್ಟರಮ್ಮ ಹೇಳಿದ ಐದು ನಿಮಿಷಕ್ಕೆ ಅವನು ಮಣೆ ತೊಳೆದಿಟ್ಟ, ಔಷಧಿಯನ್ನು ಮುಚ್ಚಳದ ಗೆರೆಯವರೆಗೆ ಅಳೆದ. ಆಸ್ಪತ್ರೆಗೆಂದು ಜೋಡಿಸಿದ್ದ ಬಟ್ಟೆಯನ್ನು ಲತಾಮಣಿ ಇನ್ನೂ ಬಿಚ್ಚಿರಲಿಲ್ಲ. ರಾತ್ರಿ ಅವಳು ಮಗುವನ್ನು ತಬ್ಬಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಮ್ಮು ಎಂದು ಕರೆದ. ನಡುಮನೆಯಲ್ಲಿ ನಿಂತು ಕಿವಿಗೊಟ್ಟ. ಉಸಿರಿನ ಸದ್ದೂ ಇರಲಿಲ್ಲ. ಅದನ್ನೂ ಕೇಳಿಸದ ಹಾಗೆ ಹಿಡಿಯುವುದನ್ನು ಮಗು ಕಲಿತುಬಿಟ್ಟಿತ್ತು. ಬಾಗಿಲು ಸರಿಸಿದ. ಹೆಣೆದ ಕಾಲು, ಮುಷ್ಟಿಯಲ್ಲಿ ಸೀರೆ, ತುಟಿಯ ಮೇಲೆ ಬೆವರು. ಅವನು ಮೊಣಕಾಲೂರಿ ಕೂತ. ಅವನು ಕೇಳುವ ಮೊದಲೇ ಮಗು ತಲೆಯಾಡಿಸಿತು.

"ನಾನು ಯಾರ್ಗೂ ಹೇಳಲ್ಲ ಅಪ್ಪ" ಎಂದಿತು. ಹಿಮ್ಮಡಿ ಇನ್ನೂ ನೆಲಕ್ಕೆ ತಾಗಿರಲಿಲ್ಲ.